ಕರ್ಕಶಕ್ಕೆ ಎಷ್ಟು ಕಾಸು ಕೊಡಬೇಕು?

"ಡಿಸ್ಟಾರ್ಷನ್ ಪೆಡಲ್ ಯಾವುದು ತಗೊಳ್ಳೋದು?" ಅಂತ ಕೇಳುವವರು ವರ್ಷಕ್ಕೆ ನಾಲ್ಕೈದು ಜನ ನನಗೆ ಸಿಕ್ಕೇ ಸಿಗುತ್ತಾರೆ. ಅವರಲ್ಲಿ ಅರ್ಧ ಜನ ಗಿಟಾರ್ ನುಡಿಸುವವರು. ಇನ್ನರ್ಧ ಜನ ದುಡ್ಡು ಕೊಡುವವರು. ಅಪ್ಪ, ಅಕ್ಕ, ಸೋದರಮಾವ ಇತ್ಯಾದಿ. ಬ್ಲಾಗ್ ಓದುವ ನಮ್ಮಂಥವರು ಹೆಚ್ಚಾಗಿ ಎರಡನೇ ಗುಂಪಿನವರೇ ಆದ್ದರಿಂದ ಇದನ್ನು ಗಿಟಾರ್ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಬರೆಯಲು ಪ್ರಯತ್ನ ಮಾಡ್ತೀನಿ. ಮನೆಯ ಹುಡುಗ (ಅಥವಾ ಹುಡುಗಿ) "ಹದಿನೆಂಟು ಸಾವಿರ ಬೇಕು, ಕಾಲಲ್ಲಿ ಒತ್ತುವ ಒಂದು ಡಬ್ಬಿ ತಗೋಬೇಕು" ಅಂದಾಗ ನಿಮಗೆ ಹೃದಯಾಘಾತ ಆಗದಿರಲಿ ಅಂತ :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದವರು ಕೊನೆಯಲ್ಲಿ ಬೈಯಬಹುದು. ಡಿಸ್ಟಾರ್ಷನ್ ಪೆಡಲಿನ ಬೆಲೆಗೂ ಅದರ ಸದ್ದಿಗೂ ಇರುವ ಸಂಬಂಧ ಒಂದು ಹಂತದ ತನಕ ಮಾತ್ರ. ಆ ಹಂತ ನಮ್ಮ ಅಂಗಡಿಗಳ ಲೆಕ್ಕದಲ್ಲಿ ಸುಮಾರು ಐದರಿಂದ ಹತ್ತು ಸಾವಿರ ರೂಪಾಯಿ. ಅದರಾಚೆ ಕೊಡುವ ದುಡ್ಡು ಡಬ್ಬಿಗೆ, ಹೆಸರಿಗೆ, ಕತೆಗೆ. ಅದರ ಕೆಳಗೆ ಕೊಡುವ ದುಡ್ಡಿಗೂ ಸದ್ದು ಸಿಗುತ್ತದೆ, ಸಿಗದಿರುವುದು ಬಾಳಿಕೆ. ಇಷ್ಟು ಸರಳ ವಿಷಯವನ್ನು ಯಾರೂ ಹುಡುಗರಿಗೆ ಹೇಳುವುದಿಲ್ಲ ಅನ್ನೋದೇ ನನ್ನ ತಕರಾರು.

ಒಡೆದ ದನಿಯ ಕತೆ

ಮದುವೆ ಛತ್ರದಲ್ಲಿ ಯಾರಾದರೂ ಮೈಕಿಗೆ ಬಾಯಿ ಅಂಟಿಸಿಕೊಂಡು "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಕಿರುಚಿದಾಗ ದನಿ ಒಡೆದು ಗರ್ ಅನ್ನುತ್ತದಲ್ಲ, ಡಿಸ್ಟಾರ್ಷನ್ ಅಂದರೆ ಅದೇ. ಪ್ರತಿಯೊಂದು ಆಂಪ್ಲಿಫೈಯರಿಗೂ ಒಂದು ಮಿತಿ ಇದೆ. ಅದಕ್ಕಿಂತ ದೊಡ್ಡ ಅಲೆ ಬಂದರೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಗುಂಡಗಿದ್ದದ್ದು ಚಪ್ಪಟೆಯಾಗುತ್ತದೆ. ಹೀಗಾದಾಗ ಎರಡು ಸಂಗತಿ ನಡೆಯುತ್ತವೆ. ಒಂದು, ಮೂಲ ಸ್ವರದ ಜತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಕಂಪನದ ಸ್ವರಗಳೂ ಹುಟ್ಟಿ ಸದ್ದು ದಪ್ಪವಾಗುತ್ತದೆ. ಎರಡು, ಮೆಲ್ಲಗಿನದೂ ಜೋರಿನದೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು, ಮೀಟಿದ ಸ್ವರ ಬೇಗ ಸಾಯದೆ ಪಿಟೀಲಿನ ಹಾಗೆ ಎಳೆಯುತ್ತದೆ.

ಸಂಗೀತಕ್ಕೂ ಈ ಗರಗರಕ್ಕೂ ಏನು ಸಂಬಂಧ ಅಂತ ಕೇಳುವ ಹಿರಿಯರಿಗೆ ನಾನು ತಂಬೂರಿ ತೋರಿಸುತ್ತೇನೆ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ದಾರ ಸೇರಿಸಿ, ಅತ್ತಿತ್ತ ಸರಿಸಿ ಜೀವಾಳ ಕೂರಿಸುತ್ತಾರಲ್ಲ, ಅದು ಯಾಕೆ? ಬೋಳು ತಂತಿಯ ಸದ್ದು ಸಾಲದು, ಅದರೊಳಗಿನ ಸ್ವಯಂಭೂ ಸ್ವರಗಳು ಝೇಂಕರಿಸಿ ಹೊರಬರಲಿ ಅಂತ ತಾನೆ? ದಾರಿ ಪೂರ್ತಿ ಬೇರೆ, ಆಸೆ ಅದೇ. (ಈ ಹೋಲಿಕೆಗೆ ಶಾಸ್ತ್ರೀಯ ಸಂಗೀತದ ಮಿತ್ರರು ಸಿಟ್ಟಾಗಬಾರದು!)

ಈ ಸದ್ದು ಹುಟ್ಟಿದ್ದೇ ಕೆಟ್ಟುಹೋದ ಯಂತ್ರಗಳಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ 'ಡೋಂಟ್ ವರಿ' ಹಾಡು ಧ್ವನಿಮುದ್ರಣ ಆಗುವಾಗ ಮಿಕ್ಸಿಂಗ್ ಯಂತ್ರದ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ತುಂಡು ಗೊರಗೊರ ಅಂತ ಬಂತು. ಅದನ್ನು ಹಾಗೇ ಉಳಿಸಿಕೊಂಡರು, 1961ರಲ್ಲಿ ಹಾಡು ಹಿಟ್ ಆಯಿತು. ಆ ದಿನದ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದು ಬೇಕಾದಾಗ ಬರುವಂಥ ಸರ್ಕ್ಯೂಟ್ ಕಟ್ಟಿದ. ಅದೇ 1962ರಲ್ಲಿ ಗಿಬ್ಸನ್ ಕಂಪನಿಯ 'ಮೈಸ್ಟ್ರೋ ಫಝ್-ಟೋನ್' ಪೆಡಲ್ ಆಗಿ ಹೊರಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಮ್ಮ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಬಳಸಿದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಇತ್ತ ಇಂಗ್ಲೆಂಡಿನಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರ 'ಯೂ ರಿಯಲಿ ಗಾಟ್ ಮಿ' ಹಾಡಿಗಾಗಿ ತನ್ನ ಪುಟ್ಟ ಆಂಪಿನ ಸ್ಪೀಕರ್ ಕಾಗದವನ್ನೇ ಬ್ಲೇಡಿನಿಂದ ಸೀಳಿದ್ದ.

ಒಂದು ಕಡೆ ಹಾಳಾದ ಚಾನೆಲ್, ಇನ್ನೊಂದು ಕಡೆ ಸೀಳಿದ ಸ್ಪೀಕರ್. ಇಲ್ಲಿಂದ ಶುರುವಾದ ಸದ್ದಿಗೆ ಇವತ್ತು ಲಕ್ಷಗಟ್ಟಲೆ ಸುರಿಯುವವರಿದ್ದಾರೆ ಅಂದರೆ ನಗಬೇಕೋ ಅಳಬೇಕೋ..

ಡಬ್ಬಿಯೊಳಗೆ ಏನಿದೆ?

ಒಂದು ಸಾಮಾನ್ಯ ಡಿಸ್ಟಾರ್ಷನ್ ಪೆಡಲ್ ಬಿಚ್ಚಿ ನೋಡಿ. ಗಿಟಾರಿನಿಂದ ಬರುವ ಪುಟಾಣಿ ಸಿಗ್ನಲನ್ನು ನೂರಾರು ಪಟ್ಟು ದೊಡ್ಡದು ಮಾಡುವ ಒಂದು ಚಿಪ್ ಅಥವಾ ಕೆಲವು ಟ್ರಾನ್ಸಿಸ್ಟರ್‌ಗಳು, ಅದರ ನೆತ್ತಿ ಕತ್ತರಿಸುವ ಒಂದು ಜೊತೆ ಡಯೋಡ್, ಕತ್ತರಿಸಿದ ಮೇಲಿನ ಚೂಪು ತಗ್ಗಿಸುವ ಒಂದು ಟೋನ್ ಸರ್ಕ್ಯೂಟ್, ಕೊನೆಗೆ ವಾಲ್ಯೂಮ್. ಕತೆ ಮುಗೀತು.

ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿಗೆ ಕತ್ತರಿಸುತ್ತದೆ, ಜರ್ಮೇನಿಯಂ ಸುಮಾರು 0.3ಕ್ಕೆ, ಎಲ್ಇಡಿ ಇನ್ನೂ ಮೇಲೆ. ಡಯೋಡನ್ನು ಚಿಪ್ಪಿನ ಫೀಡ್‌ಬ್ಯಾಕ್ ದಾರಿಯಲ್ಲಿ ಇಟ್ಟರೆ ಅಂಚು ಮೃದು, ಚಿಪ್ ಆದ ಮೇಲೆ ಗ್ರೌಂಡಿಗೆ ಇಟ್ಟರೆ ಅಂಚು ಗಡಸು. ಮೊದಲನೆಯದಕ್ಕೆ ಓವರ್‌ಡ್ರೈವ್ ಅಂತಲೂ ಎರಡನೆಯದಕ್ಕೆ ಡಿಸ್ಟಾರ್ಷನ್ ಅಂತಲೂ ವ್ಯಾಪಾರದ ಹೆಸರು. ಅಲೆಯನ್ನು ಪೂರ್ತಿ ಜಜ್ಜಿ ಚೌಕ ಮಾಡಿದರೆ ಫಝ್.

ಅಂಗಡಿಯಲ್ಲಿ ನೂರಾರು ಬಣ್ಣದ ಪೆಡಲ್ ಇದ್ದರೂ ಕುಲಗೋತ್ರ ವಿಚಾರಿಸಿದರೆ ಬಹುಪಾಲು ನಾಲ್ಕೈದು ಮನೆತನಗಳಿಗೆ ಬಂದು ನಿಲ್ಲುತ್ತವೆ. 1969ರ ಎಲೆಕ್ಟ್ರೋ-ಹಾರ್ಮೋನಿಕ್ಸ್ ಬಿಗ್ ಮಫ್. 1978ರ ಬಾಸ್ ಡಿಎಸ್-1, ಅದೇ ಕಿತ್ತಳೆ ಬಣ್ಣದ್ದು. ಅದೇ ಕಾಲದಲ್ಲಿ ಅಮೆರಿಕದ ಕಲಮಜೂ ಊರಿನಲ್ಲಿ ಹುಟ್ಟಿದ ಪ್ರೋಕೋ ರ‍್ಯಾಟ್. 1970ರ ದಶಕದ ಕೊನೆಯಲ್ಲಿ ಬಂದ ಐಬನೇಜ್ ಟ್ಯೂಬ್ ಸ್ಕ್ರೀಮರ್, ಹಸಿರು ಬಣ್ಣದ್ದು. ಉಳಿದವರಲ್ಲಿ ಬಹಳ ಮಂದಿ ಇವುಗಳ ಮಕ್ಕಳು, ಮೊಮ್ಮಕ್ಕಳು, ದತ್ತು ಮಕ್ಕಳು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಈ ಬಿಡಿಭಾಗಗಳ ಬೆಲೆ ಕೇಳಿ ನೋಡಿ, ಮಜಾ ಇರುತ್ತೆ. ಟ್ಯೂಬ್ ಸ್ಕ್ರೀಮರಿನ ಹೃದಯ ಅಂತ ಜನ ಕೈಮುಗಿಯುವ 4558 ಜಾತಿಯ ಚಿಪ್ಪು, ಡಯೋಡ್, ರೆಸಿಸ್ಟರ್ ಎಲ್ಲ ಸೇರಿದರೂ ಒಂದು ಮಸಾಲೆ ದೋಸೆ ಕಾಫಿಯ ಲೆಕ್ಕ. ದುಡ್ಡು ಹೋಗುವುದು ಕಾಲಲ್ಲಿ ಒತ್ತುವ ಸ್ವಿಚ್ಚಿಗೆ, ಜಾಕಿಗೆ, ಅಲ್ಯುಮಿನಿಯಂ ಡಬ್ಬಿಗೆ. ಅಂದರೆ ಸದ್ದು ಮಾಡುವ ಭಾಗಕ್ಕಿಂತ ಸದ್ದು ಮಾಡದ ಭಾಗಗಳೇ ದುಬಾರಿ! ಇದನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಪೆಡಲಿಗೂ ಮೊದಲು ಆಂಪ್

2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ ಮೇಲೆ ನಮ್ಮೂರಿನ ಎಷ್ಟೋ ಹುಡುಗರು "ಆ ಸದ್ದಿನ ಪೆಡಲ್ ಯಾವುದು" ಅಂತ ಹುಡುಕಿಕೊಂಡು ಹೊರಟರು. ಆದರೆ ಜೇಮ್ಸ್ ಹೆಟ್‌ಫೀಲ್ಡ್‌ನ ಆ ಗಡಸು ರಿದಮ್ಮಿನ ಮೂಲ ಪೆಡಲ್ ಅಲ್ಲ ಸ್ವಾಮಿ, ಮುಖ್ಯವಾಗಿ ಆಂಪ್. ದಶಕಗಳ ಕಾಲ ಮೀಸಾ ಬೂಗಿ ಆಂಪುಗಳ ಜತೆಗೇ ಅವನ ಸದ್ದು ಬೆಳೆದದ್ದು.

ಪೆಡಲ್ ಎಷ್ಟೇ ದೊಡ್ಡದಿರಲಿ, ಕೊನೆಗೆ ನಿಮ್ಮ ಕಿವಿಗೆ ಬೀಳುವುದು ಸ್ಪೀಕರಿನಿಂದ. ಗಿಟಾರ್ ಸ್ಪೀಕರ್ ಸುಮಾರು ಐದು ಕಿಲೋಹರ್ಟ್ಸ್ ಆಚೆಯ ಚೂಪು ಸದ್ದನ್ನು ತಾನೇ ನುಂಗಿಬಿಡುತ್ತದೆ. ಡಿಸ್ಟಾರ್ಷನ್ ಕೇಳಬಲ್ ಆಗಿರುವುದೇ ಅದರ ದೆಸೆಯಿಂದ. ಅದೇ ಪೆಡಲನ್ನು ನೇರವಾಗಿ ಮನೆಯ ಹೋಂ ಥಿಯೇಟರಿಗೋ ಹೆಡ್‌ಫೋನಿಗೋ ಚುಚ್ಚಿದರೆ ಜೇನುಹುಳ ಡಬ್ಬಿಗೆ ಹೊಕ್ಕ ಹಾಗೆ ಕೇಳುತ್ತದೆ. "ಪೆಡಲ್ ಡಬ್ಬಾ" ಅಂತ ಬೈಯುವವರಲ್ಲಿ ಎಷ್ಟೋ ಜನ ಬೈಯಬೇಕಾದದ್ದು ಸ್ಪೀಕರಿಗೆ. ಆದ್ದರಿಂದ ಒಟ್ಟು ಇಪ್ಪತ್ತು ಸಾವಿರ ಇದ್ದರೆ ಹದಿನೈದನ್ನು ಆಂಪಿಗೆ ಇಟ್ಟು ಐದರಲ್ಲಿ ಪೆಡಲ್ ನೋಡಿ. ತಿರುಗಾಮುರುಗಾ ಮಾಡಬೇಡಿ.

ಇನ್ನು ಒಂದೊಂದೇ ಮೆಟ್ಟಿಲು. ಬೆಲೆಗಳು ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಏರಿಳಿಯುತ್ತವೆ. ನಾನು ಹೇಳುವುದು ಅಂದಾಜು ಮಾತ್ರ.

ಸೊನ್ನೆ ರೂಪಾಯಿ

ಮನೆಯಲ್ಲಿರುವ ಆಂಪಿನಲ್ಲಿ 'ಗೇನ್' ಅಥವಾ 'ಡ್ರೈವ್' ಅಂತ ಬರೆದ ಗುಂಡಿ ಇದೆಯಾ ನೋಡಿ. ಇದ್ದರೆ ನಿಮ್ಮಲ್ಲಿ ಡಿಸ್ಟಾರ್ಷನ್ ಈಗಾಗಲೇ ಇದೆ! ಅಭ್ಯಾಸಕ್ಕೆ ಆರು ತಿಂಗಳು ಅದೇ ಸಾಕು. ಕಂಪ್ಯೂಟರ್ ಇದ್ದು ಗಿಟಾರ್ ಜೋಡಿಸುವ ಆಡಿಯೋ ಇಂಟರ್‌ಫೇಸ್ ಇದ್ದವರಿಗೆ ಲಿನಕ್ಸ್‌ನ ಗಿಟಾರಿಕ್ಸ್ ಇದೆ, ನ್ಯೂರಲ್ ಆಂಪ್ ಮಾಡೆಲರ್ ಇದೆ. ಎರಡೂ ಬಿಟ್ಟಿ, ಎರಡೂ ಮುಕ್ತ ತಂತ್ರಾಂಶ. ಎರಡನೆಯದು ನಿಜವಾದ ಆಂಪು-ಪೆಡಲುಗಳ ಸದ್ದನ್ನು ಕಲಿತು ಅನುಕರಿಸುವ ರೀತಿ ನೋಡಿದರೆ ಹತ್ತು ವರ್ಷದ ಹಿಂದೆ ಯಾರೂ ನಂಬುತ್ತಿರಲಿಲ್ಲ. ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡುವವರಿಗೆ ಪೆಡಲ್ ಬೇಕೇ ಬೇಕು ಅನ್ನುವ ಕಾಲ ಮುಗಿದಿದೆ.

ಎರಡು-ಮೂರು ಸಾವಿರ

ಇಲ್ಲಿ ಬೆರಿಂಗರ್‌ನ ಪ್ಲಾಸ್ಟಿಕ್ ಡಬ್ಬಿಗಳು, ಜೋಯೋದಂಥ ಚೀನಾ ಕಂಪನಿಗಳ ಪೆಡಲುಗಳು ಸಿಗುತ್ತವೆ. ಬೆರಿಂಗರ್‌ನವರು ಬಾಸ್ ಪೆಡಲುಗಳ ರೂಪವನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡಿದ್ದರು ಅಂದರೆ 2005ರಲ್ಲಿ ಬಾಸ್‌ನ ಮಾತೃಸಂಸ್ಥೆ ರೋಲ್ಯಾಂಡ್ ಕೋರ್ಟಿಗೆ ಹೋಗಿತ್ತು. ಸರ್ಕ್ಯೂಟಿನ ವಿಷಯಕ್ಕೆ ಬಂದರೆ ಈ ಬಡಪಾಯಿಗಳು ಮೋಸ ಮಾಡುವುದಿಲ್ಲ. ಬಾಸ್‌ನ ಎಫ್‌ಝಡ್-2 ಹೈಪರ್ ಫಝ್ ತಯಾರಿ 1990ರ ದಶಕದಲ್ಲೇ ನಿಂತು, ಹಳೆಯದಕ್ಕೆ ಈಗ ಸಿಕ್ಕಾಪಟ್ಟೆ ಬೆಲೆ. ಅದೇ ಜಾಡಿನ ಬೆರಿಂಗರ್ ಎಸ್ಎಫ್300 ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ಜೋಯೋದ ವಿಂಟೇಜ್ ಓವರ್‌ಡ್ರೈವ್ ಹಸಿರು ಮನೆತನದ್ದು, ಲೋಹದ ಡಬ್ಬಿ ಬೇರೆ.

ಇವುಗಳ ತೊಂದರೆ ಸದ್ದಲ್ಲ, ಮೈಕಟ್ಟು. ಪ್ಲಾಸ್ಟಿಕ್ ಮುಚ್ಚಳ ಬೂಟುಕಾಲಿಗೆ ಹೆದರುತ್ತದೆ, ಜಾಕ್ ಸಡಿಲವಾಗುತ್ತದೆ, ಮತ್ತೆ ಮಾರಲು ಹೋದರೆ ಯಾರೂ ಮೂಸುವುದಿಲ್ಲ. ಮನೆಯಲ್ಲಿ ಬರಿಗಾಲಲ್ಲಿ ಒತ್ತುವವನಿಗೆ ಇದ್ಯಾವುದೂ ದೊಡ್ಡ ವಿಷಯ ಅಲ್ಲ. ವಾರಕ್ಕೊಮ್ಮೆ ಸ್ಟೇಜ್ ಹತ್ತುವವನಿಗೆ ದೊಡ್ಡ ವಿಷಯ.

ಬೆಸುಗೆ ಹಾಕಲು ಬರುತ್ತಾ? ಹಾಗಿದ್ದರೆ ಇದಕ್ಕಿಂತಲೂ ಕಡಿಮೆಗೆ ಎಸ್.ಪಿ. ರಸ್ತೆಯ ಸಾಮಾನು ತಂದು ನೀವೇ ಕಟ್ಟಬಹುದು. ಸರ್ಕ್ಯೂಟ್ ಚಿತ್ರಗಳು ನೆಟ್ಟಿನಲ್ಲಿ ರಾಶಿ ಬಿದ್ದಿವೆ. ಡಯೋಡ್ ಬದಲಿಸಿ ನೋಡುವ ಸುಖ ಅಂಗಡಿಯ ಯಾವ ಪೆಡಲ್ಲೂ ಕೊಡುವುದಿಲ್ಲ. ಇಂಜಿನಿಯರಿಂಗ್ ಓದುವ ಹುಡುಗರು ಇದನ್ನು ಮಾಡದೆ ಕಾರ್ಡ್ ಉಜ್ಜುವುದು ನೋಡಿದರೆ ನನಗೆ ಬೇಜಾರು.

ಐದರಿಂದ ಹತ್ತು ಸಾವಿರ

ನನ್ನ ಓಟು ಇಲ್ಲಿಗೆ. ಬಾಸ್ ಡಿಎಸ್-1 1978ರಿಂದ ಇವತ್ತಿನ ತನಕ ತಯಾರಾಗುತ್ತಲೇ ಇದೆ. ಚಿಪ್ ಬದಲಾಗಿದೆ, ಕಾರ್ಖಾನೆ ಜಪಾನಿನಿಂದ ಆಚೆ ಹೋಗಿದೆ, ಡಬ್ಬಿ ಅದೇ. ನಿರ್ವಾಣದ ಕರ್ಟ್ ಕೋಬೇನ್ ಬಳಸಿದ್ದು ಇದನ್ನೇ, ಜೋ ಸಾಟ್ರಿಯಾನಿ ವರ್ಷಾನುಗಟ್ಟಲೆ ಇಟ್ಟುಕೊಂಡಿದ್ದೂ ಇದನ್ನೇ. ಒಬ್ಬನದು ಕೋಪದ ಕೂಗು, ಇನ್ನೊಬ್ಬನದು ಜೇನಿನಂಥ ಲೀಡ್. ಒಂದೇ ಕಿತ್ತಳೆ ಡಬ್ಬಿ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಅದರ ಟೋನ್ ಗುಂಡಿಯನ್ನು ಹನ್ನೆರಡು ಗಂಟೆಯಿಂದ ಮೇಲೆ ತಿರುಗಿಸಿದರೆ ಕಿವಿ ಕೊಯ್ಯುತ್ತದೆ ಅನ್ನೋದು ನಿಜ. ತಿರುಗಿಸಬೇಡಿ, ಅಷ್ಟೆ.

ತುಸು ಹೆಚ್ಚು ಕೊಡಬಲ್ಲವರಿಗೆ ರ‍್ಯಾಟ್. ಅದರ ಹಳೆಯ ಎಲ್ಎಂ308 ಚಿಪ್ಪು ಮಹಾ ನಿಧಾನಸ್ಥ. ಸಿಗ್ನಲ್ಲಿನ ಓಟಕ್ಕೆ ಸರಿಯಾಗಿ ಓಡಲಾರದೆ ಏದುಸಿರು ಬಿಡುವುದೇ ಅದರ ಸದ್ದಿನ ಗುಟ್ಟು. ಈಗಿನವುಗಳಲ್ಲಿ ಅದರ ಬದಲು ಓಪಿ07 ಇದೆ. ಹಳೆಯ ಚಿಪ್ಪೇ ಬೇಕು ಅಂತ ಕೊರಗುವವರು ಕೊರಗಲಿ. ಅದರ 'ಫಿಲ್ಟರ್' ಗುಂಡಿ ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮಂದವಾಗುತ್ತದೆ, ಉಳಿದ ಪೆಡಲುಗಳಿಗೆ ಉಲ್ಟಾ. ಅಂಗಡಿಯಲ್ಲಿ ಗಾಬರಿ ಬೇಡ. ಗುಂಡಿ ಕಡಿಮೆ ಇಟ್ಟರೆ ಓವರ್‌ಡ್ರೈವ್, ಪೂರ್ತಿ ಏರಿಸಿದರೆ ಹತ್ತಿರ ಹತ್ತಿರ ಫಝ್. ಒಂದೇ ಪೆಡಲಿಗೆ ಮಾತ್ರ ದುಡ್ಡಿದೆ ಅನ್ನುವವನಿಗೆ ನಾನು ಹೇಳುವುದು ಇದನ್ನೇ.

ಇದೇ ಮೆಟ್ಟಿಲಿನಲ್ಲಿ ಬಾಸ್ ಮೆಟಲ್ ಝೋನ್ ಕೂಡ ಸಿಗುತ್ತದೆ, 1991ರದ್ದು. ಅದನ್ನು ಗೇಲಿ ಮಾಡುವುದು ಗಿಟಾರಿಗರಿಗೆ ಒಂದು ಹವ್ಯಾಸ. ಪಾಪ, ತಪ್ಪು ಅದರದ್ದಲ್ಲ. ಅದರಲ್ಲಿರುವಷ್ಟು ಶಕ್ತಿಯ ಈಕ್ವಲೈಜರ್ ಈ ಬೆಲೆಯ ಪೆಡಲುಗಳಲ್ಲಿ ಅಪರೂಪ. ಜನ ಎಲ್ಲ ಗುಂಡಿಯನ್ನೂ ಹತ್ತಕ್ಕೆ ತಿರುಗಿಸಿ, ನಡುಸದ್ದನ್ನು ಸೊನ್ನೆಗೆ ಇಳಿಸಿ, ಆಮೇಲೆ ತಂಡದಲ್ಲಿ ತನ್ನ ಗಿಟಾರೇ ಕೇಳುತ್ತಿಲ್ಲ ಅಂತ ಅಳುತ್ತಾರೆ. ಡ್ರಮ್ಮು, ಬೇಸು ಎರಡೂ ತಮ್ಮ ಜಾಗ ಹಿಡಿದ ಮೇಲೆ ಗಿಟಾರಿಗೆ ಉಳಿಯುವುದು ಆ ನಡುಸದ್ದೇ ಅಲ್ಲವೆ?

ಹದಿನೈದು-ಇಪ್ಪತ್ತು ಸಾವಿರ

ಇಲ್ಲಿಂದ ಮುಂದೆ ಏಣಿ ಏರುವವರು ಕೇಳಬೇಕಾದ ಪ್ರಶ್ನೆ 'ಸದ್ದು ಚೆನ್ನಾಗಿದೆಯಾ' ಅಲ್ಲ. ಚೆನ್ನಾಗಿಯೇ ಇರುತ್ತದೆ. 'ನನಗೆ ಕೆಳಗಿನ ಮೆಟ್ಟಿಲಲ್ಲಿ ಯಾವುದು ಸಿಗಲಿಲ್ಲ' ಅಂತ ಕೇಳಬೇಕು. ಉತ್ತರ ಖಚಿತವಾಗಿದ್ದರೆ ಧಾರಾಳವಾಗಿ ಕೊಳ್ಳಿ. ಗುರ್ ಅನ್ನುವ ಹಿನ್ನೆಲೆ ಸದ್ದು ಕಡಿಮೆ ಬೇಕು, ಒಂದೇ ಡಬ್ಬಿಯಲ್ಲಿ ಎರಡು ಬಗೆ ಬೇಕು, ದಿನಾ ಸ್ಟೇಜಿಗೆ ಎಳೆದಾಡಿದರೂ ಹತ್ತು ವರ್ಷ ಬಾಳಬೇಕು - ಇವೆಲ್ಲ ನ್ಯಾಯವಾದ ಕಾರಣಗಳು. ವಾರಕ್ಕೆ ಮೂರು ಕಾರ್ಯಕ್ರಮ ಕೊಟ್ಟು ಹೊಟ್ಟೆ ಹೊರೆಯುವವನಿಗೆ ಪೆಡಲ್ ಅಂದರೆ ಆಟೋ ಓಡಿಸುವವನಿಗೆ ಎಂಜಿನ್ ಇದ್ದ ಹಾಗೆ. ಅವನ ಖರ್ಚಿಗೆ ನಾವು ಮೂಗು ತೂರಿಸಬಾರದು.

ಉತ್ತರ 'ಎಲ್ಲರೂ ಅದನ್ನೇ ಹೊಗಳ್ತಾರೆ' ಅಂತಾದರೆ ಮನೆಗೆ ವಾಪಸ್ ಬನ್ನಿ.

ಲಕ್ಷದ ಡಬ್ಬಿ

ಬಾಸ್ಟನ್ ಕಡೆಯ ಬಿಲ್ ಫಿನೆಗನ್ ಅನ್ನುವಾತ 1994ರಿಂದ ಸುಮಾರು ಹದಿನೈದು ವರ್ಷ ಕೈಯಿಂದಲೇ 'ಕ್ಲಾನ್ ಸೆಂಟಾರ್' ಅನ್ನುವ ಓವರ್‌ಡ್ರೈವ್ ಕಟ್ಟಿ ಮಾರಿದ. ಒಟ್ಟು ಸುಮಾರು ಎಂಟು ಸಾವಿರ. ಯಾರೂ ಕದಿಯದಿರಲಿ ಅಂತ ಸರ್ಕ್ಯೂಟಿನ ಮೇಲೆ ಕಪ್ಪು ಎಪಾಕ್ಸಿ ಸುರಿದಿದ್ದ. ಆತ ಮಾರಿದ್ದು ಕೆಲವು ನೂರು ಡಾಲರಿಗೆ. ಈಗ ಹಳೆಯವು ಕೈ ಬದಲಾಗುವುದು ಸಾವಿರಾರು ಡಾಲರಿಗೆ, ನಮ್ಮ ಲೆಕ್ಕದಲ್ಲಿ ಲಕ್ಷಗಳಲ್ಲಿ. ಕೊನೆಗೂ ಯಾರೋ ಎಪಾಕ್ಸಿ ಕೆರೆದು ಸರ್ಕ್ಯೂಟ್ ಬಿಡಿಸಿದರು. ಒಳಗಿದ್ದದ್ದು ಜಾಣತನದ, ಆದರೆ ಮಾಮೂಲಿ ಬಿಡಿಭಾಗಗಳ ಸರ್ಕ್ಯೂಟ್. ಈಗ ಅದರ ನಕಲುಗಳು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ಆಮೇಲೆ ಫಿನೆಗನ್ ಹೊರತಂದ ಹೊಸ ಪೆಡಲಿನ ಮೈಮೇಲೆ, ಈ ಹಾಸ್ಯಾಸ್ಪದ ಪ್ರಚಾರ ತಾನು ಮಾಡಿದ್ದಲ್ಲ ಅನ್ನುವ ಅರ್ಥದ ಸಾಲನ್ನೇ ಅಚ್ಚು ಹಾಕಿಸಿದ. ಮಾಡಿದವನೇ ಹೀಗೆ ಹೇಳಿದ ಮೇಲೆ ನಾನು ಸೇರಿಸುವುದು ಏನೂ ಇಲ್ಲ.

ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವ ಹಾಗೆ ಕೊಳ್ಳುವವರು ಕೊಳ್ಳಲಿ, ಅದೂ ಒಂದು ಸುಖ. ಸದ್ದಿಗಾಗಿ ಅಂತ ಮಾತ್ರ ಹೇಳಬಾರದು.

ಅಂಗಡಿಗೆ ಹೋದಾಗ

ಕೆಲವು ಮಾತು, ಪಟ್ಟಿ ಮಾಡಿಕೊಂಡು ಹೋಗಿ.

ಸಾಧ್ಯವಾದರೆ ನಿಮ್ಮದೇ ಗಿಟಾರ್ ಒಯ್ಯಿರಿ. ಮನೆಯಲ್ಲಿರುವ ಆಂಪಿನಂಥದ್ದೇ ಆಂಪಿಗೆ ಜೋಡಿಸಲು ಕೇಳಿ. ಅಂಗಡಿಯ ಎಂಬತ್ತು ಸಾವಿರದ ಆಂಪಿನಲ್ಲಿ ಎಲ್ಲವೂ ದೇವಲೋಕವೇ.

ಎರಡು ಪೆಡಲ್ ಹೋಲಿಸುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದು ಚೂರು ಜೋರಿರುವುದು ನಮ್ಮ ಕಿವಿಗೆ 'ಉತ್ತಮ' ಅಂತಲೇ ಅನ್ನಿಸುತ್ತದೆ. ಈ ಒಂದು ಭ್ರಮೆಯಿಂದ ಆಗುವ ವ್ಯಾಪಾರ ದೊಡ್ಡದು.

ಗೇನ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಟ್ಟೂ ನುಡಿಸಿ ನೋಡಿ. ಹತ್ತಕ್ಕೆ ಏರಿಸಿದಾಗ ಎಲ್ಲ ಪೆಡಲ್ಲೂ ಒಂದೇ ಥರ, ತಪ್ಪು ಬೆರಳೂ ಮುಚ್ಚಿಹೋಗುತ್ತದೆ. ಕಲಿಯುವ ಹುಡುಗರಿಗೆ ಇದು ಮುಖ್ಯ.

ಅಡಾಪ್ಟರ್ ಲೆಕ್ಕಕ್ಕೆ ಹಿಡಿಯಿರಿ. ಹೆಚ್ಚಿನ ಪೆಡಲುಗಳಿಗೆ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ರೇಡಿಯೋದ್ದೋ ರೌಟರಿನದ್ದೋ ಚುಚ್ಚಿ ಪೆಡಲ್ ಸುಟ್ಟುಕೊಂಡವರಿದ್ದಾರೆ. ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿ ಇಲ್ಲದಿದ್ದರೆ ಎಷ್ಟು ಸಾವಿರದ ಪೆಡಲ್ ತಂದರೂ ಗುಯ್ಯ್ ಅನ್ನುತ್ತದೆ. ಪೆಡಲ್ ಬದಲಿಸುವ ಮೊದಲು ಎಲೆಕ್ಟ್ರಿಶಿಯನ್ನನ್ನು ಕರೆಯಿರಿ, ಅಗ್ಗ. ಸುರಕ್ಷಿತ ಕೂಡ.

ಸೆಕೆಂಡ್‌ಹ್ಯಾಂಡ್ ಬಗ್ಗೆ ನಾಚಿಕೆ ಬೇಡ. ಲೋಹದ ಡಬ್ಬಿಯ ಪೆಡಲಿನಲ್ಲಿ ಹಾಳಾಗುವುದು ಸ್ವಿಚ್ಚು, ಜಾಕು, ಗುಂಡಿ. ಮೂರನ್ನೂ ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು, ಮೂರನ್ನೂ ರಿಪೇರಿ ಮಾಡಿಸಬಹುದು.

ಕಿವಿಗೆ ಗೊತ್ತಾಗುತ್ತೆ ಅನ್ನುವವರಿಗೆ

"ನಿನಗೆ ಕೇಳಿಸದೆ ಇರಬಹುದು, ನಮಗೆ ವ್ಯತ್ಯಾಸ ಕೇಳಿಸುತ್ತದೆ" ಅನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಪೆಡಲಿಗೂ ಪೆಡಲಿಗೂ ವ್ಯತ್ಯಾಸ ಇದ್ದೇ ಇದೆ. ಬೆರಳು ಮೆಲ್ಲಗೆ ಒತ್ತಿದಾಗ ಸದ್ದು ತಿಳಿಯಾಗುವುದು, ಜೋರಾಗಿ ಮೀಟಿದಾಗ ಒಡೆಯುವುದು, ಇದರಲ್ಲಿ ಒಂದೊಂದರ ನಡೆ ಒಂದೊಂದು. ಇಪ್ಪತ್ತು ವರ್ಷ ನುಡಿಸಿದ ಕೈಗೆ ಅದು ತಿಳಿಯುತ್ತದೆ. ಆದರೆ ಆ ವ್ಯತ್ಯಾಸ ಬೆಲೆಯ ಏಣಿಯ ಮೇಲೆ ಸಾಲಾಗಿ ನಿಂತಿಲ್ಲ ಅನ್ನೋದಷ್ಟೇ ನನ್ನ ವಾದ. ಆರು ಸಾವಿರದ್ದು ಕೆಲವರ ಕೈಗೆ ಇಪ್ಪತ್ತು ಸಾವಿರದ್ದಕ್ಕಿಂತ ಒಗ್ಗುತ್ತದೆ. ಇನ್ನು ಆ ಕೈ ತಯಾರಾಗಲು ಬೇಕಾದ ಇಪ್ಪತ್ತು ವರ್ಷವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನನಗೆ ಪರಿಚಯದ ಒಬ್ಬ ಹುಡುಗ ಮೊದಲ ಕೆಲಸ ಸಿಕ್ಕ ಮೂರು ತಿಂಗಳಿಗೇ ಕಂತಿನಲ್ಲಿ ದುಬಾರಿ ಪೆಡಲ್ ತಗೊಂಡ. ಹತ್ತು ವ್ಯಾಟಿನ ಆಂಪು, ಪಿ.ಜಿ. ಕೋಣೆ, ಪಕ್ಕದ ಮಂಚದಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದವನು. ಆ ಪೆಡಲಿನ ವಾಲ್ಯೂಮ್ ಒಂದರಿಂದ ಮೇಲೆ ಏರಿದ್ದೇ ಇಲ್ಲ. ಕಂತು ಮಾತ್ರ ತಿಂಗಳು ತಪ್ಪದೆ ಕಟ್ಟಿದ. ಅವನು ನುಡಿಸುವುದನ್ನೂ ಕಡಿಮೆ ಮಾಡಿದ. ಕೇಳಿದರೆ, "ಇನ್ನೂ ಒಂದು ಒಳ್ಳೇ ಆಂಪ್ ತಗೊಂಡ ಮೇಲೆ ಸೀರಿಯಸ್ಸಾಗಿ ಶುರು ಮಾಡ್ತೀನಿ" ಅಂದ. ಈ ಮಾತೇ ನನ್ನನ್ನು ಇದನ್ನು ಬರೆಯುವ ಹಾಗೆ ಮಾಡಿದ್ದು. ಸಾಮಾನು ಸಾಲದು ಅನ್ನುವುದು ನುಡಿಸದಿರಲು ಎಷ್ಟು ಮರ್ಯಾದಸ್ಥ ನೆಪ ನೋಡಿ!

ಇದರ ಇನ್ನೊಂದು ಮುಖ ಇನ್ನೂ ಬೇಸರದ್ದು. ಎರಡು ಸಾವಿರದ ಪ್ಲಾಸ್ಟಿಕ್ ಪೆಡಲ್ ಹಿಡಿದು ಕಾಲೇಜು ಫೆಸ್ಟಿಗೆ ಬರುವ ಹುಡುಗನನ್ನು, ನುಡಿಸುವ ಮೊದಲೇ, ಪೆಡಲ್ ನೋಡಿ ಅಳೆಯುವ ಜನ ಇದ್ದಾರೆ. ಅವನು ಹಾಸನದಿಂದಲೋ ರಾಯಚೂರಿನಿಂದಲೋ ಬಂದವನಾದರೆ ಆ ನೋಟ ಇನ್ನೂ ಚುಚ್ಚುತ್ತದೆ. ಅವನಿಗೆ ನಾನು ಸ್ವೀಡನ್ನಿನ ಕತೆ ಹೇಳಬೇಕು. ಬಾಸ್ ಕಂಪನಿಯ ಹೆವಿ ಮೆಟಲ್ ಎಚ್ಎಂ-2 ಅನ್ನುವ ಪೆಡಲ್ 1983ರಲ್ಲಿ ಬಂದು 1991ರಲ್ಲಿ ನಿಂತುಹೋಯಿತು. ಸ್ಟಾಕ್‌ಹೋಮಿನ ಹದಿಹರೆಯದ ಹುಡುಗರು ಅದನ್ನೇ ತಗೊಂಡು ಎಲ್ಲ ಗುಂಡಿಯನ್ನೂ ಕೊನೆಯ ತನಕ ತಿರುಗಿಸಿದರು. ಗರಗಸದಿಂದ ಮರ ಕೊಯ್ದಂಥ ಸದ್ದು. 1990ರಲ್ಲಿ ಎಂಟೂಂಬ್ಡ್ ತಂಡದ 'ಲೆಫ್ಟ್ ಹ್ಯಾಂಡ್ ಪಾಥ್' ಆಲ್ಬಂ ಬಂತು, ಅಲ್ಲಿಂದ ಮುಂದೆ ಆ ಸದ್ದಿಗೆ ಒಂದು ಪ್ರಕಾರವೇ ಹುಟ್ಟಿಕೊಂಡಿತು. ಮೂವತ್ತು ವರ್ಷ ಕಳೆದು, 2021ರಲ್ಲಿ, ಬಾಸ್ ಕಂಪನಿಯೇ ಮನಸ್ಸು ಮಾಡಿ ಅದನ್ನು ಮತ್ತೆ ತಯಾರಿಸಿತು. ಕಂಪನಿ ಕೈಬಿಟ್ಟ ಡಬ್ಬಿಯನ್ನು ಹುಡುಗರು ದೊಡ್ಡದು ಮಾಡಿದರೇ ವಿನಾ ಡಬ್ಬಿ ಹುಡುಗರನ್ನಲ್ಲ.

ಹಾಗಾಗಿ ಮನೆಯಲ್ಲಿ ಯಾರಾದರೂ ಪೆಡಲ್ ಕೇಳಿದರೆ ಬೇಡ ಅನ್ನಬೇಡಿ. ಐದಾರು ಸಾವಿರ ಕೊಡಿ, ಅದೂ ಇಲ್ಲದಿದ್ದರೆ ಎರಡು ಸಾವಿರ ಕೊಡಿ, ಅದೂ ಕಷ್ಟ ಅಂದರೆ ಆಂಪಿನ ಗೇನ್ ಗುಂಡಿ ತೋರಿಸಿ. ಹದಿನೆಂಟು ಸಾವಿರ ಕೇಳಿದರೆ "ಆರು ತಿಂಗಳು ಇದರಲ್ಲಿ ನುಡಿಸು, ಆಮೇಲೆ ಇದರಲ್ಲಿ ಏನು ಸಾಲದು ಅಂತ ನನಗೆ ನುಡಿಸಿ ತೋರಿಸು" ಅನ್ನಿ. ತೋರಿಸಿದರೆ ಖುಷಿಯಿಂದ ಕೊಡಿಸಿ, ಆ ಹುಡುಗ ದುಡ್ಡಿಗೆ ಯೋಗ್ಯ.

ನಿಮ್ಮ ಹತ್ತಿರ ಇರುವ ಪೆಡಲ್ ಯಾವುದು, ಎಷ್ಟಕ್ಕೆ ಸಿಕ್ಕಿತು, ಯಾವ ಆಂಪಿಗೆ ಜೋಡಿಸಿದ್ದೀರಿ ಅಂತ ಬರೆಯಿರಿ, ಬೇರೆಯವರಿಗೂ ಉಪಯೋಗ ಆಗುತ್ತೆ. ಟ್ಯೂಬ್ ಸ್ಕ್ರೀಮರ್ ಭಕ್ತರು ಬೈಯುವುದಿದ್ದರೆ ನಿಧಾನಕ್ಕೆ ಬೈಯಿರಿ, ಮೃದು ಅಂಚಿನಲ್ಲಿ :-)